ದ್ರವ ಸಾರಜನಕದ ಪ್ರಯೋಗಗಳು: ಐದು ಲೀಟರಿನಲ್ಲಿ ಒಂದು ತರಗತಿ

ದ್ರವ ಸಾರಜನಕದ ಪ್ರದರ್ಶನ ಕೆಡುವುದು ಹೆಚ್ಚಾಗಿ ಲೀಟರಿನ ಲೆಕ್ಕ ತಪ್ಪಿದಾಗ. ಮೊದಲ ಹತ್ತು ನಿಮಿಷಕ್ಕೇ ಬಾಳೆಹಣ್ಣು, ಸ್ಟೀಲ್ ಬಕೆಟ್ಟು ಅಂತ ಅರ್ಧ ಕ್ಯಾನ್ ಆವಿಯಾಗಿರುತ್ತದೆ. ಆಯಸ್ಕಾಂತ ತೇಲಿಸುವ ಹೊತ್ತಿಗೆ ಸುರಿಯಲು ಏನೂ ಉಳಿದಿರುವುದಿಲ್ಲ. ಇನ್ನೊಂದು ಲೆಕ್ಕ ಗಾಳಿಯದು. ಕುದಿದು ಹೋದ ಪ್ರತಿ ಲೀಟರೂ ಕೋಣೆಯಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ. ಎರಡೂ ಲೆಕ್ಕ ಮೊದಲೇ ಕಾಗದದ ಮೇಲಿದ್ದರೆ 40 ಮಕ್ಕಳ ತರಗತಿಗೆ, 45 ನಿಮಿಷಕ್ಕೆ, 5 ಲೀಟರ್ ಧಾರಾಳ.

ಪುಸ್ತಕದಲ್ಲಿ ಇದರ ಕುದಿಬಿಂದು ಮೈನಸ್ 196 ಡಿಗ್ರಿ ಸೆಲ್ಸಿಯಸ್. ಅದು ಸಮುದ್ರಮಟ್ಟದ ಮಾತು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹತ್ತು ಶೇಕಡಾದಷ್ಟು ಕಡಿಮೆ, ಹಾಗಾಗಿ ಇಲ್ಲಿ ಅದು ಇನ್ನೊಂದು ಡಿಗ್ರಿ ಕೆಳಗೆ, ಮೈನಸ್ 197ರ ಹತ್ತಿರ ಕುದಿಯುತ್ತದೆ. ಒಂದು ಲೀಟರಿನ ತೂಕ ಸುಮಾರು 807 ಗ್ರಾಂ. ಅದು ಪೂರ್ತಿ ಆವಿಯಾಗಲು ಹೀರುವ ಶಾಖ 160 ಕಿಲೋಜೂಲ್. ಆ ಆವಿ ಕೋಣೆಯ ಉಷ್ಣತೆಗೆ ಬಂದರೆ ಸಮುದ್ರಮಟ್ಟದಲ್ಲಿ ಸುಮಾರು 700 ಲೀಟರ್ ಅನಿಲ. ನಮ್ಮ ಎತ್ತರದಲ್ಲಿ ಸುಮಾರು 780. ಮುಂದಿನ ಲೆಕ್ಕಗಳೆಲ್ಲ ಈ ಮೂರ್ನಾಲ್ಕು ಅಂಕಿಗಳಿಂದಲೇ ಬಂದವು.

ಕೋಣೆ, ಲಿಫ್ಟ್, ಗಾಡಿ

8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ತರಗತಿ ಅಂದರೆ 144 ಘನ ಮೀಟರ್. 5 ಲೀಟರೂ ಒಮ್ಮೆಲೇ ಚೆಲ್ಲಿ ಆವಿಯಾದರೆ 3.9 ಘನ ಮೀಟರ್ ಸಾರಜನಕ ಸೇರುತ್ತದೆ. ಕಿಟಕಿಗಳೆಲ್ಲ ಮುಚ್ಚಿದ್ದರೂ ಆಮ್ಲಜನಕ 21ರಿಂದ 20.4 ಶೇಕಡಾಕ್ಕೆ ಇಳಿಯುತ್ತದೆ, ಅಷ್ಟೇ. ಎಚ್ಚರಿಕೆಯ ಗಡಿ 19.5. ಹತ್ತು ಲೀಟರ್ ಚೆಲ್ಲಿದರೆ 19.9ರ ಸುತ್ತ, ಅಂದರೆ ಗಡಿಯ ಪಕ್ಕಕ್ಕೇ ಬಂದುಬಿಡುತ್ತದೆ. ಹಾಗಾಗಿ ಈ ಅಳತೆಯ ಕೋಣೆಗೆ 5 ಲೀಟರಿಗಿಂತ ಹೆಚ್ಚು ತರಬೇಡಿ. ಎದುರುಬದುರು ಕಿಟಕಿ ತೆರೆದಿರಲಿ, ಫ್ಯಾನ್ ತಿರುಗುತ್ತಿರಲಿ. ಎಸಿ ಹಾಕಿ ಬಾಗಿಲು ಮುಚ್ಚಿದ ಸ್ಮಾರ್ಟ್ ಕ್ಲಾಸು ಈ ಕೆಲಸಕ್ಕೆ ಬೇಡ.

ಸರಾಸರಿ ಒಂದೇ ಸಾಲದು. ಆಗಷ್ಟೇ ಕುದಿದು ಬಂದ ಸಾರಜನಕ ಕೋಣೆಯ ಗಾಳಿಗಿಂತ ಸುಮಾರು ನಾಲ್ಕು ಪಟ್ಟು ಭಾರ. ನೆಲಕ್ಕಿಳಿದು ಅಲ್ಲೇ ಹರಡುತ್ತದೆ. ಮುಂದಿನ ಸಾಲಿನ ಚಿಕ್ಕ ಮಕ್ಕಳನ್ನು ಜಮಖಾನದ ಮೇಲೆ ಕೂರಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ಇದೆಯಲ್ಲ, ಇವತ್ತು ಅದು ಬೇಡ. ಎಲ್ಲರೂ ಬೆಂಚಿನ ಮೇಲೆ, ಮೇಜಿನಿಂದ 3 ಮೀಟರ್ ದೂರ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ.

ಇದೇ ಲೆಕ್ಕ ಲಿಫ್ಟಿಗೆ ಹಾಕಿದರೆ ಬೆಚ್ಚಿಬೀಳುತ್ತೀರಿ. ಸಣ್ಣ ಲಿಫ್ಟಿನ ಒಳಗೆ ಇರುವ ಜಾಗ 3.4 ಘನ ಮೀಟರಿನಷ್ಟು. ಒಂದೇ ಒಂದು ಲೀಟರ್ ಚೆಲ್ಲಿದರೂ ಆಮ್ಲಜನಕ 16–17 ಶೇಕಡಾಕ್ಕೆ ಕುಸಿಯುತ್ತದೆ. 5 ಲೀಟರ್ ಚೆಲ್ಲಿದರೆ ಅನಿಲದ ಗಾತ್ರ ಲಿಫ್ಟಿಗಿಂತ ಹೆಚ್ಚು. ಆಮ್ಲಜನಕ ಕಡಿಮೆಯಾದಾಗ ಉಸಿರು ಕಟ್ಟಿದ ಅನುಭವ ಆಗುವುದಿಲ್ಲ, ನೇರ ಪ್ರಜ್ಞೆ ತಪ್ಪುತ್ತದೆ. ಕ್ಯಾನಿನ ಜೊತೆ ಯಾರೂ ಲಿಫ್ಟ್ ಹತ್ತಬಾರದು. ಕೆಳಗೊಬ್ಬರು ಒಳಗಿಟ್ಟು ಗುಂಡಿ ಒತ್ತಿ ಹೊರಬರಲಿ, ಮೇಲೊಬ್ಬರು ತೆಗೆದುಕೊಳ್ಳಲಿ, ನಡುವಿನ ಮಹಡಿಗಳಲ್ಲಿ ಯಾರೂ ಹತ್ತದಂತೆ ಕ್ಯಾನಿಗೆ ಚೀಟಿ ಅಂಟಿಸಿ. ಇಷ್ಟೆಲ್ಲ ಪಾಡೇಕೆ ಅನ್ನಿಸಿದರೆ ನೆಲಮಹಡಿಯ ಕೋಣೆಯನ್ನೇ ಕೇಳಿ ಪಡೆಯಿರಿ.

ಕಾರಿಗೂ ಇದೇ ನಿಯಮ. ಸಿಲ್ಕ್ ಬೋರ್ಡಿನಲ್ಲಿ ಗಾಜು ಏರಿಸಿ ಎಸಿ ಹಾಕಿಕೊಂಡು ಮುಕ್ಕಾಲು ಗಂಟೆ ನಿಂತ ಕಾರಿನ ಹಿಂದಿನ ಸೀಟು ದ್ರವ ಸಾರಜನಕಕ್ಕೆ ತಕ್ಕ ಜಾಗವಲ್ಲ. ತೆರೆದ ಗೂಡ್ಸ್ ಆಟೋ ಸಾಕು. ಕ್ಯಾನ್ ನೆಟ್ಟಗೆ ನಿಂತಿರಲಿ, ಹಗ್ಗದಲ್ಲಿ ಬಿಗಿದಿರಲಿ. ಮೆಟ್ರೋ, ಬಿಎಂಟಿಸಿ, ಸ್ಕೂಟರಿನ ಮುಂಭಾಗ ಇವು ಯಾವುವೂ ಬೇಡ.

ಎಲ್ಲಿ ಸಿಗುತ್ತದೆ, ಯಾವುದರಲ್ಲಿ ತರಬೇಕು

ಪೀಣ್ಯ, ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶಗಳ ಅನಿಲ ಮಾರಾಟಗಾರರಲ್ಲಿ ವಿಚಾರಿಸಿ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಉದ್ದೇಶ ಬರೆದುಕೊಂಡು ಹೋಗುವುದು ಒಳ್ಳೆಯದು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಅಥವಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದ ಪರಿಚಯವಿದ್ದರೆ ಇನ್ನೂ ಲೇಸು, ಅಲ್ಲಿಂದ ಕ್ಯಾನಿನ ಜೊತೆಗೆ ಬಳಸಿ ಗೊತ್ತಿರುವ ಒಬ್ಬರು ಬರಬಹುದು. ಮೊದಲ ಸಲ ಮಾಡುವವರು ಐಐಎಸ್‌ಸಿ ಓಪನ್ ಡೇ ದಿನ ಇಂಥ ಪ್ರಯೋಗ ನೋಡಲು ಸಿಕ್ಕರೆ ಬಿಡಬೇಡಿ. ವಸ್ತುವಿಗಿಂತ ಮಾಡುವವರ ಕೈ ಎಲ್ಲಿರುತ್ತದೆ ಅನ್ನುವುದನ್ನು ಗಮನಿಸಿ.

ಪಾತ್ರೆ ಎಂದರೆ ಡ್ಯೂವರ್, ಎರಡು ಗೋಡೆಗಳ ನಡುವೆ ನಿರ್ವಾತ ಇರುವ ಕ್ಯಾನ್. ಪಶು ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಯ ಕಡ್ಡಿಗಳನ್ನಿಡುವ ಅಲ್ಯೂಮಿನಿಯಂ ಕ್ಯಾನ್ ನೋಡಿದ್ದರೆ ಅದೇ ಇದು. 10 ಲೀಟರಿನದಕ್ಕೆ 5 ಲೀಟರ್ ತುಂಬಿಸಿ ತನ್ನಿ. ಬೆಚ್ಚಗಿರುವ ಕ್ಯಾನಿಗೆ ಮೊದಲು 200–300 ಮಿ.ಲೀ. ಮಾತ್ರ ಹಾಕಿಸಿ, ಕುದಿತ ಅಡಗಿದ ಮೇಲೆ ಉಳಿದದ್ದು. ಒಮ್ಮೆಲೇ ಸುರಿದರೆ ಕತ್ತಿನಿಂದ ಕಾರಂಜಿಯಂತೆ ಹಿಂದಕ್ಕೆ ಚಿಮ್ಮುತ್ತದೆ. ಮುಚ್ಚಳ ಸಡಿಲವಾಗಿ ಕೂರುವ ಬಿರಡೆಯೇ ಆಗಿರಬೇಕು. ಮಳೆಗಾಲದಲ್ಲಿ ಇನ್ನೊಂದು ಕಾಟ: ಗಾಳಿಯ ತೇವ ಕತ್ತಿನೊಳಗೆ ಮಂಜುಗಡ್ಡೆಯಾಗಿ ಕಟ್ಟಿಕೊಂಡು ಬಿರಡೆಯನ್ನೇ ಬೆಸೆದುಬಿಡುತ್ತದೆ. ಅರ್ಧ ಗಂಟೆಗೊಮ್ಮೆ ಬಿರಡೆ ಎತ್ತಿ ನೋಡಿ. ತಿರುಪಿನ ಮುಚ್ಚಳದ ಊಟದ ಫ್ಲಾಸ್ಕು, ಪ್ಲಾಸ್ಟಿಕ್ ಬಾಟಲಿ ಇವುಗಳಲ್ಲಿ ಹಾಕಿ ಮುಚ್ಚಿದರೆ ಅದು ಬಾಂಬ್. ಬೇರೆ ಶಬ್ದ ಬಳಸುವ ಅಗತ್ಯ ಕಾಣುವುದಿಲ್ಲ.

ಮೇಜಿನ ಮೇಲೆ ಬಳಸುವ ಪಾತ್ರೆ ಥರ್ಮೋಕೋಲಿನದ್ದಾಗಿರಲಿ. ಇದು ಅಗ್ಗ ಅಂತ ಮಾತ್ರ ಹೇಳುತ್ತಿಲ್ಲ. ಒಂದು ಕಿಲೋ ತೂಕದ ಸ್ಟೀಲ್ ಪಾತ್ರೆ ತಣ್ಣಗಾಗುವುದಕ್ಕೇ ಅರ್ಧ ಲೀಟರ್ ನುಂಗುತ್ತದೆ. ಅಷ್ಟೇ ತೂಕದ ಅಲ್ಯೂಮಿನಿಯಂ ಆದರೆ ಒಂದು ಲೀಟರ್. ನೂರು ಗ್ರಾಮಿನ ಥರ್ಮೋಕೋಲ್ ಡಬ್ಬಿಗೆ 100 ಮಿ.ಲೀ. ಕೂಡ ಬೇಡ. ಔಷಧಿ, ಐಸ್‌ಕ್ರೀಂ ಬರುವ 2–3 ಸೆಂ.ಮೀ. ದಪ್ಪದ ಡಬ್ಬಿ ಒಂದು ದೊಡ್ಡದು, ಎರಡು ಚಿಕ್ಕವು ಸಾಕು. ಸಂದಿನಲ್ಲಿ ಸೋರುತ್ತದೆಯೇ ಎಂದು ಹಿಂದಿನ ದಿನ ನೀರು ಹಾಕಿ ನೋಡಿ, ಒಣಗಿಸಿಡಿ. ಪ್ಲಾಸ್ಟಿಕ್ ಟಬ್ಬು ಗಾಜಿನಂತೆ ಸೀಳುತ್ತದೆ.

ಮೈಮೇಲೆ

ಮುಖಕ್ಕೆ ಪೂರ್ತಿ ಶೀಲ್ಡ್. ಕೈಗೆ ಕ್ರಯೋಜೆನಿಕ್ ಗ್ಲೌಸ್, ಅದೂ ಸಡಿಲ. ಒಳಗೆ ಹನಿ ಬಿದ್ದರೆ ಕೈ ಝಾಡಿಸಿದ ಕೂಡಲೇ ಕಳಚಿ ಬೀಳಬೇಕು. ನೂಲಿನ ಗ್ಲೌಸ್ ದ್ರವವನ್ನು ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ, ಅದಕ್ಕಿಂತ ಬರಿಗೈ ವಾಸಿ. ಮುಚ್ಚಿದ ಚರ್ಮದ ಶೂ, ಪ್ಯಾಂಟು ಶೂ ಮೇಲೆ ಇಳಿದಿರಲಿ, ಒಳಗೆ ತುರುಕಿರಬಾರದು. ಸೀರೆ ಉಟ್ಟ ಮೇಡಂ ಮಾಡುವುದಾದರೆ ಮೇಲೊಂದು ಉದ್ದನೆಯ ಹತ್ತಿ ಕೋಟು, ಸೆರಗು ಒಳಗೆ, ಚಪ್ಪಲಿ ಬದಲು ಶೂ. ಬಳೆ, ಉಂಗುರ, ವಾಚು ಬಿಚ್ಚಿಡಿ: ತಣ್ಣಗಾದ ಲೋಹ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಸುಟ್ಟರೆ (ಹೌದು, ತಣ್ಣಗೂ ಸುಡುತ್ತದೆ) ಉಜ್ಜಬೇಡಿ. 40 ಡಿಗ್ರಿ ಆಸುಪಾಸಿನ ಉಗುರುಬೆಚ್ಚಗಿನ ನೀರು ಹರಿಸಿ, ಅಂಟಿಕೊಂಡ ಬಟ್ಟೆ ಕೀಳದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಣ್ಣಿಗೆ ತಾಗಿದರೆ 15 ನಿಮಿಷ ನೀರು, ಆಮೇಲೆ ಕಣ್ಣಿನ ವೈದ್ಯರು.

ಪ್ರಯೋಗಗಳು, ಈ ಕ್ರಮದಲ್ಲೇ

ಖರ್ಚಿನ ಅಂದಾಜು ಮೊದಲು. ಸುರಿಯುವಾಗ, ನಿಂತಲ್ಲೇ ಆವಿಯಾಗಿ ಹೋಗುವುದು 1.5 ಲೀಟರ್, ಬಲೂನಿಗೆ 300 ಮಿ.ಲೀ., ಹೂವಿಗೆ 300, ರಬ್ಬರಿಗೆ 500, ಎಲ್‌ಇಡಿ ಮತ್ತು ತಂತಿಗೆ ಸೇರಿ 400, ಆಯಸ್ಕಾಂತಕ್ಕೆ 200, ಹೊರಗಿನ ಮೋಡಕ್ಕೆ 500. ಒಟ್ಟು 3.7. ಉಳಿದ 1.3 ಲೀಟರ್ ಕೈತಪ್ಪಿಗೆ, ಮತ್ತು ‘ಇನ್ನೊಂದ್ಸಲ ಸಾರ್’ಗೆ.

ಮೊದಲು ಮೊಸಾಯಿಕ್ ಅಥವಾ ಸಿಮೆಂಟ್ ನೆಲದ ಮೇಲೆ 50 ಮಿ.ಲೀ. ಚೆಲ್ಲಿ. ಟೈಲ್ಸ್ ಬಿರುಕು ಬಿಡಬಹುದು, ಅಲ್ಲಿ ಬೇಡ. ಹನಿಗಳು ನೆಲ ಮುಟ್ಟದೆ ಜಾರಿಕೊಂಡು ಓಡುತ್ತವೆ, ಕಾದ ಕಾವಲಿಯ ಮೇಲೆ ಚಿಮುಕಿಸಿದ ನೀರು ಓಡಿದ ಹಾಗೆ. ಎರಡರಲ್ಲೂ ಕಾರಣ ಒಂದೇ, ಹನಿಯ ಕೆಳಗೆ ಅದರದೇ ಆವಿಯ ಹಾಸು. ಲೈಡನ್‌ಫ್ರಾಸ್ಟ್ ಪರಿಣಾಮ ಎನ್ನುತ್ತಾರೆ. ಇದನ್ನು ತೋರಿಸಲು ದ್ರವದಲ್ಲಿ ಕೈ ಅದ್ದಿ ತೆಗೆಯುವವರಿದ್ದಾರೆ. ತರಗತಿಯಲ್ಲಿ ಖಂಡಿತ ಬೇಡ, ನೋಡಿದ ಮಗು ಮಾಡಿಯೇ ನೋಡುತ್ತದೆ. ಏಳುವ ಬಿಳಿ ಹೊಗೆ ಸಾರಜನಕವಲ್ಲ, ಗಾಳಿಯ ತೇವ ಮಂಜಾದದ್ದು. ಜುಲೈನಲ್ಲಿ ದಟ್ಟವಾಗಿ ಕಾಣುವ ಹೊಗೆ ಮಾರ್ಚಿನ ಒಣ ಮಧ್ಯಾಹ್ನ ತೆಳ್ಳಗಿರುತ್ತದೆ. ಹೊಗೆ ಇಲ್ಲದ ಕಡೆ ಸಾರಜನಕವೂ ಇಲ್ಲ ಅಂದುಕೊಳ್ಳಬೇಡಿ.

ಆಮೇಲೆ ಬಲೂನು. 15 ಸೆಂ.ಮೀ. ಅಗಲಕ್ಕೆ ಊದಿದ ಬಲೂನನ್ನು ಡಬ್ಬಿಯಲ್ಲಿಟ್ಟು ಉದ್ದ ಹಿಡಿಯ ಸೌಟಿನಿಂದ ದ್ರವವನ್ನು ಮೇಲೆ ಸುರಿಯುತ್ತ ಹೋಗಿ. ಒಂದಕ್ಕೆ 10–15 ಮಿ.ಲೀ. ಮಾತ್ರ ಖರ್ಚು, ಆದ್ದರಿಂದ ಆರೇಳು ಬಲೂನನ್ನು ಒಂದರ ಹಿಂದೊಂದು ತುರುಕಬಹುದು. ಸಣ್ಣ ಡಬ್ಬಿ ಅಷ್ಟನ್ನೂ ನುಂಗುವುದೇ ಮಜಾ. ಹಾಕುವ ಮುನ್ನ ಮಕ್ಕಳಿಂದ ಊಹೆ ಬರೆಸಿ: ಎಷ್ಟು ಕುಗ್ಗುತ್ತದೆ? ಚಾರ್ಲ್ಸ್ ನಿಯಮ (ಕೆಲ್ವಿನ್ ಉಷ್ಣತೆ ಇಳಿದಷ್ಟೇ ಪಾಲಿಗೆ ಅನಿಲದ ಗಾತ್ರವೂ ಇಳಿಯುತ್ತದೆ) ಓದಿದ ಪಿಯು ವಿದ್ಯಾರ್ಥಿಗಳು ಕಾಲುಭಾಗಕ್ಕೆ ಎನ್ನುತ್ತಾರೆ. ಆದರೆ ಬಲೂನು ಚಪ್ಪಟೆಯೇ ಆಗುತ್ತದೆ, ಏಕೆಂದರೆ ಒಳಗಿನ ಗಾಳಿ ದ್ರವವಾಗಿದೆ. ತಿಳಿಬಣ್ಣದ ಬಲೂನನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ತಳದಲ್ಲಿ ಸುಮಾರು 2 ಮಿ.ಲೀ. ದ್ರವ ಗಾಳಿ ಕುಲುಕುವುದು ಕಾಣುತ್ತದೆ. ಬಾಯಲ್ಲಿ ಊದಿದ್ದರಲ್ಲಿ ಬಿಳಿ ಪುಡಿಯೂ ಇರುತ್ತದೆ: ಉಸಿರಿನ ನೀರು ಮತ್ತು ಇಂಗಾಲದ ಡೈಆಕ್ಸೈಡ್. ಪಂಪಿನಲ್ಲಿ ಊದಿದ್ದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಹೀಲಿಯಂ ಬಲೂನು ಮಾತ್ರ ಕಾಲುಭಾಗಕ್ಕೆ ನಿಂತುಬಿಡುತ್ತದೆ, ಅದು ಈ ಚಳಿಗೆ ದ್ರವವಾಗುವುದಿಲ್ಲ. ನಿಯಮ ಎಲ್ಲಿ ಹೊಂದುತ್ತದೆ, ಎಲ್ಲಿ ಮುರಿಯುತ್ತದೆ ಅನ್ನುವುದು ಈ ಎರಡು ಬಲೂನಿನಲ್ಲಿ ಸಿಗುತ್ತದೆ; ಇಡೀ ಪ್ರದರ್ಶನದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ. ಆದರೆ ಪಾರ್ಕಿನ ಬಲೂನು ಮಾರುವವರ ಬಳಿ ಕೊಳ್ಳಬೇಡಿ. ಅವರ ಸಿಲಿಂಡರಿನಲ್ಲಿ ಹೈಡ್ರೋಜನ್ ಇರಬಹುದು.

ಬಲೂನು ಒಡೆದರೆ ಹೆಚ್ಚಾಗಿ ಕಾರಣ ನಿಮ್ಮ ಅವಸರ: ಮೈ ಗಡುಸಾದ ಮೇಲೆ ಒತ್ತಿ ಮಡಿಚಿದರೆ ಅಲ್ಲೇ ಸೀಳುತ್ತದೆ. ಸುರಿದ ದ್ರವವೇ ಅದನ್ನು ಕುಗ್ಗಿಸಲಿ, ಕೋಲಿನಿಂದ ತಳ್ಳಬೇಡಿ.

ಹೂವಿಗೆ ಕೆ.ಆರ್. ಮಾರುಕಟ್ಟೆಯ ಸೇವಂತಿಗೆಗಿಂತ ಒಳ್ಳೆಯದು ಸಿಗಲಾರದು. ತೆಳು ಎಸಳು, ತುಂಬ ನೀರು. 15 ಸೆಕೆಂಡ್ ಅದ್ದಿ ಮೇಜಿಗೆ ಬಡಿದರೆ ಚೂರು ಚೂರು. ಬಾಡಿದ ಹೂವು ಬೇಡ, ಅದರಲ್ಲಿ ನೀರು ಕಡಿಮೆ, ಸರಿಯಾಗಿ ಒಡೆಯುವುದಿಲ್ಲ. ಚೂರುಗಳನ್ನು ಮಕ್ಕಳು ಒಂದು ನಿಮಿಷ ಬಿಟ್ಟು ಮುಟ್ಟಲಿ.

ಹಳೆಯ ಸೈಕಲ್ ಟ್ಯೂಬಿನ 15 ಸೆಂ.ಮೀ. ತುಂಡನ್ನು ಒಂದು ನಿಮಿಷ ಮುಳುಗಿಸಿ ಸುತ್ತಿಗೆಯಿಂದ ಹೊಡೆಯಿರಿ. ಗಟ್ಟಿ ರಬ್ಬರ್ ಚೆಂಡಿಗೆ 3–4 ನಿಮಿಷ ಬೇಕು. ಕುದಿತ ನಿಂತರೆ ಒಳಗಿನವರೆಗೂ ತಣ್ಣಗಾಗಿದೆ ಎಂದು ಅರ್ಥ. ಮೊದಲೇ ತೆಗೆದರೆ ಹೊರಸಿಪ್ಪೆ ಮಾತ್ರ ಒಡೆದು ಚೆಂಡು ಪುಟಿಯುತ್ತದೆ. ತೂತಿರುವ ಟೊಳ್ಳು ಚೆಂಡು ಹಾಕಬೇಡಿ: ಒಳಗೆ ದ್ರವ ಸೇರಿ, ಹೊರತೆಗೆದಾಗ ಕುದಿದು ಸಿಡಿಯಬಹುದು. ಹೊಡೆಯುವುದನ್ನು ದೊಡ್ಡ ರಟ್ಟಿನ ಡಬ್ಬಿಯೊಳಗೆ ಮಾಡಿ, ಚೂರು ಹಾರುತ್ತವೆ.

ಬಾಳೆಹಣ್ಣಿನಿಂದ ಮೊಳೆ ಹೊಡೆಯುವುದು ಎಲ್ಲರಿಗೂ ಗೊತ್ತಿರುವ ಆಟ. ಒಂದು ಪಚ್ಚಬಾಳೆ ತಣ್ಣಗಾಗಲು ಹತ್ತಿರ ಹತ್ತಿರ ಅರ್ಧ ಲೀಟರ್ ಕುಡಿಯುತ್ತದೆ, ಅದರ ಮುಕ್ಕಾಲು ಪಾಲು ನೀರಲ್ಲವೇ. ಏಲಕ್ಕಿ ಬಾಳೆ ಅಗ್ಗವಾಗಿ ಮುಗಿಯುತ್ತದೆ, ಆದರೆ ಸುತ್ತಿಗೆಯಾಗುವಷ್ಟು ತೂಕ ಅದಕ್ಕಿಲ್ಲ. 5 ಲೀಟರಿನ ಪ್ರದರ್ಶನದಲ್ಲಿ ಇದನ್ನು ಕೈಬಿಡುವುದೇ ಸರಿ. ನಗು ಬರುತ್ತದೆ, ವಿಜ್ಞಾನ ಅಷ್ಟಾಗಿ ಬರುವುದಿಲ್ಲ.

ಈಗ ದೀಪ ಆರಿಸಿ ಎಲ್‌ಇಡಿ. ಎಸ್.ಪಿ. ರಸ್ತೆಯಲ್ಲಿ 5 ಮಿ.ಮೀ.ನ ಕೆಂಪು ಮತ್ತು ಅಂಬರ್ ಎಲ್‌ಇಡಿ ಐದೈದು, 470 ಓಮ್ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ ತನ್ನಿ. ಒಂದು ಸಲಕ್ಕೆ ಒಂದೇ ಎಲ್‌ಇಡಿಯನ್ನು ರೆಸಿಸ್ಟರಿನ ಜೊತೆ ಸರಣಿಯಲ್ಲಿ ಬೆಸೆದು 30 ಸೆಂ.ಮೀ. ತಂತಿ ಬಿಡಿ, ರೆಸಿಸ್ಟರ್ ಹೊರಗೇ ಇರಲಿ. ನಿಧಾನ ಇಳಿಸಿದಂತೆ ಬೆಳಕು ಹೆಚ್ಚುತ್ತದೆ, ಅಂಬರ್ ಬಣ್ಣ ಹಳದಿ-ಹಸಿರಿನ ಕಡೆ ಸರಿಯುತ್ತದೆ: ಅರೆವಾಹಕದ ಶಕ್ತಿ ಅಂತರ ಚಳಿಗೆ ಹಿಗ್ಗುತ್ತದೆ, ಫೋಟಾನಿನ ಶಕ್ತಿ ಏರುತ್ತದೆ. ಮೂರು ವೋಲ್ಟಿನ ಬಟನ್ ಸೆಲ್ಲಿನಲ್ಲಿ ಮಾಡಿದರೆ ಎಲ್‌ಇಡಿ ಆರಿಹೋಗಬಹುದು. ಅದು ಕೆಟ್ಟಿಲ್ಲ, ಬೆಳಗಲು ಬೇಕಾದ ವೋಲ್ಟೇಜೂ ಏರಿದೆ. ಥಟ್ಟನೆ ಅದ್ದಿದರೆ ಎಪಾಕ್ಸಿ ಬಿರಿಯುತ್ತದೆ, ಐದೈದು ತರಲು ಹೇಳಿದ್ದು ಅದಕ್ಕೇ.

ತಾಮ್ರದ ತಂತಿಯ ಪ್ರಯೋಗ ಕಡಿಮೆ ಜನ ಮಾಡುತ್ತಾರೆ, ಮಾಡಬೇಕು. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 36 ಗೇಜಿನ ಎನಾಮಲ್ ತಂತಿ 50 ಮೀಟರ್ ಸುರುಳಿ ಸುತ್ತಿಸಿ. ತೂಕ ಬರೀ 13 ಗ್ರಾಂ, ರೋಧ ಸುಮಾರು 29 ಓಮ್. ಮೂರು ಟಾರ್ಚ್ ಸೆಲ್ಲು, 3.8 ವೋಲ್ಟ್ 0.3 ಆಂಪಿಯರ್ ಟಾರ್ಚ್ ಬಲ್ಬು, ಸುರುಳಿ, ಎಲ್ಲ ಸರಣಿಯಲ್ಲಿ. ಹೊರಗೆ ಬಲ್ಬು ಕೆಂಡದಷ್ಟೂ ಬೆಳಗುವುದಿಲ್ಲ. ಸುರುಳಿ ಮುಳುಗಿಸಿ: ರೋಧ 4 ಓಮಿನ ಹತ್ತಿರಕ್ಕಿಳಿದು ಬಲ್ಬು ಹತ್ತಿಕೊಳ್ಳುತ್ತದೆ. ಮಲ್ಟಿಮೀಟರಿನಲ್ಲೂ ಅಳೆಯಿಸಿ, ಅದರ ತಂತಿಗಳ ಅರ್ಧ ಓಮ್ ಕಳೆಯಲು ಮರೆಯಬೇಡಿ. ರೋಧ ಇಳಿಯಿತು, ಸೊನ್ನೆಯಾಗಲಿಲ್ಲ. ಮುಂದಿನ ಪ್ರಯೋಗಕ್ಕೆ ಇದೇ ಪೀಠಿಕೆ.

ಯಿಟ್ರಿಯಂ ಬೇರಿಯಂ ಕಾಪರ್ ಆಕ್ಸೈಡಿನ ಬಿಲ್ಲೆ ಸುಮಾರು ಮೈನಸ್ 181 ಡಿಗ್ರಿಯ ಕೆಳಗೆ ಅತಿವಾಹಕವಾಗುತ್ತದೆ, ಅಂದರೆ ಅದರ ರೋಧ ಸೊನ್ನೆಯೇ ಆಗುತ್ತದೆ, ನಮ್ಮ ದ್ರವಕ್ಕೆ ಹದಿನೈದು ಡಿಗ್ರಿ ಅಂತರ ಕೈಯಲ್ಲಿದೆ. 1987ರಲ್ಲಿ ಇದು ಬೆಳಕಿಗೆ ಬಂದಾಗ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಇದರ ಮೇಲೆ ಕೆಲಸ ಮಾಡಿತ್ತು ಎಂದು ಮಕ್ಕಳಿಗೆ ಹೇಳಿ. ಜಾಗ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ. 25 ಮಿ.ಮೀ. ಬಿಲ್ಲೆಯ ಮೇಲೆ 5 ಮಿ.ಮೀ. ದಪ್ಪದ ಥರ್ಮೋಕೋಲ್ ಚೂರು, ಅದರ ಮೇಲೆ 5 ಮಿ.ಮೀ. ನಿಯೋಡಿಮಿಯಂ ಘನ. ಬಿಲ್ಲೆ ಮುಳುಗುವಷ್ಟು ಸುರಿದು ಕುದಿತ ಶಾಂತವಾಗುವವರೆಗೆ ಒಂದೆರಡು ನಿಮಿಷ ಕಾಯಿರಿ. ಚೂರು ಎಳೆದರೆ ಆಯಸ್ಕಾಂತ ಅಲ್ಲೇ ನಿಲ್ಲುತ್ತದೆ, ತಿರುಗಿಸಿದರೆ ತಿರುಗುತ್ತದೆ. ಇಕ್ಕಳ ಪ್ಲಾಸ್ಟಿಕ್ಕಿನದೋ ಮರದ್ದೋ ಇರಲಿ. ಸ್ಟೀಲಿನದಾದರೆ ಆಯಸ್ಕಾಂತ ಹಾರಿ ಅದಕ್ಕೇ ಅಂಟುತ್ತದೆ. ಹಿಂದಿನ ಸಾಲಿಗೆ ಏನೂ ಕಾಣುವುದಿಲ್ಲ, ಫೋನಿನ ಕ್ಯಾಮೆರಾವನ್ನು ಪ್ರೊಜೆಕ್ಟರಿಗೆ ಜೋಡಿಸಿ. ಮುಗಿದ ಕೂಡಲೇ ಬಿಲ್ಲೆಯ ಮೇಲಿನ ಇಬ್ಬನಿ ಒರೆಸಿ, ಒಣಗಿಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ತೇವ ಈ ವಸ್ತುವನ್ನು ತಿನ್ನುತ್ತದೆ, ಮುಂದಿನ ವರ್ಷ ತೇಲಿಸಲು ಆಗುವುದಿಲ್ಲ.

ಸಮಯ ಉಳಿದರೆ, ತಲೆ ಕತ್ತರಿಸಿದ ಅಲ್ಯೂಮಿನಿಯಂ ಪಾನೀಯದ ಡಬ್ಬಿಗೆ 150 ಮಿ.ಲೀ. ಹಾಕಿ ತೂಗುಬಿಡಿ. ಕೆಲ ನಿಮಿಷದಲ್ಲಿ ತಳದಿಂದ ಹನಿ ತೊಟ್ಟಿಕ್ಕುತ್ತದೆ. ನೀರಲ್ಲ, ಆಮ್ಲಜನಕ ಹೆಚ್ಚಾಗಿರುವ ದ್ರವ ಗಾಳಿ. ಕೆಳಗೆ ಕೆಂಡವಿರುವ ಊದುಬತ್ತಿ ಹಿಡಿದರೆ ಹನಿ ಬಿದ್ದಾಗಲೆಲ್ಲ ಕೆಂಡ ಪ್ರಜ್ವಲಿಸುತ್ತದೆ. ಹನಿಗಳನ್ನು ಕೂಡಿಡಬೇಡಿ, ಸುತ್ತ ಎಣ್ಣೆ, ಸ್ಯಾನಿಟೈಜರ್, ಕಾಗದ ಇರಬಾರದು.

ಕೊನೆಗೆ ಎಲ್ಲರನ್ನೂ ಮೈದಾನಕ್ಕೆ ಕರೆತನ್ನಿ. ಅಗಲ ಬಾಯಿಯ ತಗಡಿನ ಬೋಗುಣಿಗೆ 500 ಮಿ.ಲೀ., ಅದಕ್ಕೆ ಒಂದು ಮೀಟರ್ ಕೋಲಿಗೆ ಕಟ್ಟಿದ ಮಗ್ಗಿನಿಂದ ಅರ್ಧ ಲೀಟರ್ ಬಿಸಿನೀರು, 80–90 ಡಿಗ್ರಿ. ಮೋಡ ಸ್ಫೋಟಿಸಿದಂತೆ ಏಳುತ್ತದೆ, ಹನಿಗಳೂ ಸಿಡಿಯುತ್ತವೆ. ಮಕ್ಕಳು 5 ಮೀಟರ್ ದೂರ, ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಲಿ. ಕಿರಿದಾದ ಬಾಯಿಯ ಪಾತ್ರೆ ಇಲ್ಲಿ ತೋಪಿನ ನಳಿಕೆಯಾಗುತ್ತದೆ.

ತಿನ್ನುವುದಕ್ಕಲ್ಲ

ಐಸ್‌ಕ್ರೀಂ ಮಾಡಿ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಇಲ್ಲ ಅನ್ನಿ. ಕೈಗಾರಿಕಾ ಬಳಕೆಗೆ ತುಂಬಿಸಿದ ಕ್ಯಾನು, ರಬ್ಬರ್ ಅದ್ದಿದ ಡಬ್ಬಿ, ಇದ್ಯಾವುದೂ ಆಹಾರಕ್ಕಲ್ಲ. ಅದಕ್ಕಿಂತ ಮುಖ್ಯ, ಆವಿಯಾಗದೆ ಉಳಿದ ಹನಿ ಹೊಟ್ಟೆಗೆ ಹೋದರೆ ಅಲ್ಲಿ ನೂರಾರು ಪಟ್ಟು ಹಿಗ್ಗುತ್ತದೆ. 2024ರಲ್ಲಿ ಬೆಂಗಳೂರಿನಲ್ಲೇ, ಮದುವೆ ಆರತಕ್ಷತೆಯಲ್ಲಿ ದ್ರವ ಸಾರಜನಕ ಹಾಕಿದ ಪಾನ್ ತಿಂದ 12 ವರ್ಷದ ಹುಡುಗಿಯ ಜಠರದಲ್ಲಿ ರಂಧ್ರವಾಗಿ ಶಸ್ತ್ರಚಿಕಿತ್ಸೆ ಬೇಕಾಯಿತು. ಈ ಸುದ್ದಿಯನ್ನು ತರಗತಿಯಲ್ಲಿ ಹೇಳಿ, 780ರ ಗುಣಾಕಾರ ಅವರಿಂದಲೇ ಮಾಡಿಸಿ: 5 ಮಿ.ಲೀ. ಎಂದರೆ ಸುಮಾರು 4 ಲೀಟರ್ ಅನಿಲ.

ಮುಗಿದ ಮೇಲೆ

ಉಳಿದದ್ದನ್ನು ಸಿಂಕಿಗೆ ಸುರಿದರೆ ಪಿವಿಸಿ ಪೈಪು ಬಿರಿಯುತ್ತದೆ. ಡಬ್ಬಿಯನ್ನು ಹಾಗೇ ಹೊರಗೆ, ಯಾರೂ ಓಡಾಡದ ಮೂಲೆಯಲ್ಲಿ ಬಿಸಿಲಿಗೆ ಇಡಿ, ಒಬ್ಬರು ಕಾವಲಿರಲಿ. ತೆರೆದ ಡಬ್ಬಿಯಲ್ಲಿ ಗಂಟೆಗಟ್ಟಲೆ ನಿಂತ ದ್ರವವನ್ನು ಮತ್ತೆ ಕ್ಯಾನಿಗೆ ಸುರಿಯಬೇಡಿ. ಅದು ಗಾಳಿಯಿಂದ ಆಮ್ಲಜನಕ ಹೀರಿಕೊಂಡಿರುತ್ತದೆ, ತಿಳಿನೀಲಿ ಛಾಯೆ ಕಂಡರೆ ಖಚಿತ. ಕ್ಯಾನ್ ಖಾಲಿಯಾದ ಮೇಲೆ ಬಿರಡೆ ತೆಗೆದು ಗಾಳಿಯಾಡುವ ಕೋಣೆಯಲ್ಲಿ ಎರಡು ದಿನ ಬಿಡಿ, ಪೂರ್ತಿ ಬೆಚ್ಚಗಾದ ಮೇಲೆ ಬಾಯಿ ಕೆಳಗೆ ಮಾಡಿ ಒಳಗಿನ ನೀರು ಬಸಿಯಿರಿ. ಒದ್ದೆ ಕ್ಯಾನಿಗೆ ಮತ್ತೆ ತುಂಬಿಸಿದರೆ ಆ ನೀರು ಮಂಜುಗಡ್ಡೆಯಾಗಿ ಒಳಗೇ ಉಳಿಯುತ್ತದೆ, ಮುಂದಿನ ಸಲ ಸುರಿಯುವಾಗ ಕತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ.